ಹನ್ನೊಂದು ಸ್ಟೂಲು ಬಾಕಿ

ಆ ಕಾಲೇಜು ಹನ್ನೊಂದು ಹೆಂಗಸರಿಗೆ ಹನ್ನೊಂದು ಸ್ಟೂಲು ಬಾಕಿ ಉಳಿಸಿಕೊಂಡಿದೆ. ಎರಡು ವರ್ಷ ನಾಲ್ಕು ತಿಂಗಳಾಯಿತು. ಆ ಸ್ಟೂಲು ಹಾಕಿಸಿದ ಹುಡುಗಿಯ ಫೋಟೋ ಕಾಲೇಜಿನ ಪುಸ್ತಿಕೆಯ ಮೂರನೇ ಪುಟದಲ್ಲಿ ಈಗಲೂ ನಗುತ್ತಿದೆ. ಸ್ಟೂಲು ಮಾತ್ರ ಇಲ್ಲ.

ಅವಳಿಗೆ ತರಗತಿಯವರು ಇಟ್ಟ ಹೆಸರು ಮ್ಯೂಟ್. ಹಾಜರಿ ಕೂಗಿದಾಗ ಅವಳ ದನಿ ಮುಂದಿನ ಬೆಂಚಿಗೂ ತಲುಪುತ್ತಿರಲಿಲ್ಲ. ಎದುರಿಗೇ ಕೂತಿದ್ದರೂ ಎರಡು ಸಲ ಗೈರುಹಾಜರಿ ಬಿದ್ದಿತ್ತು. ಹಾಗಂತ ಬಾಯಿಲ್ಲದವಳಲ್ಲ. ಮನೆಯಲ್ಲಿ ದೊಡ್ಡಮ್ಮನ ಜೊತೆ ಜಗಳಕ್ಕೆ ನಿಂತರೆ ಪಕ್ಕದ ಮನೆಯವರು ಟಿವಿ ಆರಿಸಿ ಕೇಳುತ್ತಿದ್ದರು. ಕಾಲೇಜಿನಲ್ಲಿ ಬಾಯಿ ಕಟ್ಟುತ್ತಿದ್ದುದಕ್ಕೆ ಕಾರಣವೂ ಆ ದೊಡ್ಡಮ್ಮನೇ. ತಾಯಿ ಸತ್ತ ಮೇಲೆ ಇವಳನ್ನು ಸಾಕಿದ ಆಕೆ ಅದೇ ಕಾಲೇಜಿನ ಎರಡನೇ ಮಹಡಿ ಗುಡಿಸುತ್ತಿದ್ದಳು. ಕಾರಿಡಾರಿನಲ್ಲಿ ಎದುರಾದರೆ ಗುರುತಿಲ್ಲದವರ ಹಾಗೆ ಹೋಗಬೇಕೆಂದು ಇಬ್ಬರಲ್ಲಿ ಒಪ್ಪಂದ. ಅದನ್ನು ಮಾಡಿಸಿದವಳು ದೊಡ್ಡಮ್ಮ.

"ನನ್ನ ಪೊರಕೆ ನಿನ್ನ ಸರ್ಟಿಫಿಕೇಟಿಗೆ ತಾಗಬಾರದು ಕಣೇ."

ಎರಡನೇ ವರ್ಷದಲ್ಲಿ ಮ್ಯೂಟ್ ವಿದ್ಯಾರ್ಥಿ ನಾಯಕತ್ವ ಕಾರ್ಯಕ್ರಮಕ್ಕೆ ಸೇರಿದಳು. ವರ್ಷಕ್ಕೆ ಹನ್ನೆರಡು ಮಕ್ಕಳು, ಶನಿವಾರ ಶನಿವಾರ ತರಗತಿ, ಕೊನೆಗೆ ಪ್ರತಿ ತಂಡವೂ ಕಾಲೇಜಿಗೆ ಏನಾದರೂ ಬಿಟ್ಟುಹೋಗಬೇಕು. ಹಿಂದಿನವರು ಒಂದು ಗಡಿಯಾರ ಬಿಟ್ಟಿದ್ದರು, ತಮ್ಮದೇ ಹೆಸರು ಕೆತ್ತಿದ ಕಲ್ಲುಬೆಂಚು ಬಿಟ್ಟಿದ್ದರು. ಒಂದು ತಂಡ ಕಾರಂಜಿ ಕಟ್ಟಿಸಿತ್ತು; ಅದರಲ್ಲಿ ನೀರಿಗಿಂತ ಸಿಗರೇಟು ತುಂಡೇ ಜಾಸ್ತಿ.

ಈ ಕಾರ್ಯಕ್ರಮವನ್ನು ನಾನು ಪೂರ್ತಿ ಬಯ್ಯಲಾರೆ. ಅದನ್ನು ನಡೆಸುವ ಮೇಡಂ ಮೊದಲ ತಿಂಗಳೇ ಒಂದು ಒಳ್ಳೆಯ ಕೆಲಸ ಕೊಟ್ಟರು. ಕಾಲೇಜಿನ ಒಂದೇ ಜಾಗದಲ್ಲಿ ಇಡೀ ದಿನ ಇದ್ದು, ಕಂಡದ್ದನ್ನು ಬರೆದು ತರಬೇಕು, ಎಲ್ಲರೆದುರು ಓದಬೇಕು. ಮ್ಯೂಟ್ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತಳು. ಮುಂದಿನ ಶನಿವಾರ ಎದ್ದು ನಿಂತು ಓದಿದಳು.

"ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಇಲ್ಲಿ ಹನ್ನೊಂದು ಹೆಂಗಸರು ಕೆಲಸ ಮಾಡ್ತಾರೆ. ಒಬ್ಬರೂ ಕೂರಲ್ಲ. ಕೂತಿದ್ದು ಕಂಡರೆ ಸೂಪರ್‌ವೈಸರ್ ಅರ್ಧ ದಿನದ ಕೂಲಿ ಕಡೀತಾನೆ. ಟಾಯ್ಲೆಟ್ ಹಿಂದೆ ಫಿನಾಯಿಲ್ ಕ್ಯಾನಿನ ಪಕ್ಕ ನಿಂತುಕೊಂಡೇ ಉಣ್ತಾರೆ. ಎರಡನೇ ಮಹಡಿಯವರಿಗೆ ಮಂಡಿ ಊದಿದೆ. ಅವರು ನನ್ನ ದೊಡ್ಡಮ್ಮ."

ಹಿಂದಿನಿಂದ ಯಾರೋ ಅಂದರು: "ಮ್ಯೂಟ್ ತೆಗೆದುಬಿಟ್ಳಪ್ಪಾ!"

ಮನೆಯಲ್ಲಿ ದೊಡ್ಡಮ್ಮ ಬಾಗಿಲಲ್ಲೇ ಹಿಡಿದಳು. "ಮಾನ ಕಳೆದೆಯಲ್ಲೇ!"

"ಯಾರ ಮಾನ ದೊಡ್ಡಮ್ಮ? ಕೂಲಿ ಕಡಿಯೋನದಾ?"

"ನನ್ನ ಕೆಲಸ ಹೋದರೆ ನಿನ್ನ ಫೀಸು ನಿನ್ನ ಮೇಡಂ ಕಟ್ತಾಳಾ?"

ಹುಡುಗಿ ಹಿಂದೆಗೆಯಲಿಲ್ಲ. ನಮ್ಮ ತಂಡ ಬಿಟ್ಟುಹೋಗಬೇಕಾದದ್ದು ಈ ಹೆಂಗಸರಿಗೆ ಹನ್ನೊಂದು ಸ್ಟೂಲು ಎಂದಳು. ತಂಡದಲ್ಲಿ ಗೊಣಗಾಟ ಎದ್ದಿತು. "ಸ್ಟೂಲಾ? ಫೋಟೋದಲ್ಲಿ ಏನ್ ಚೆನ್ನಾಗಿ ಕಾಣುತ್ತೆ?" ಎಂದು ಒಬ್ಬ ಕೇಳಿದ. ಕೇಳಿದವನೇ ಕೊನೆಗೆ ಎಲ್ಲರಿಗಿಂತ ಹೆಚ್ಚು ಮರ ಉಜ್ಜಿದ. ನೆಲಮಾಳಿಗೆಯಲ್ಲಿ ಬಿದ್ದಿದ್ದ ಲ್ಯಾಬಿನ ಮುರುಕಲು ಸ್ಟೂಲುಗಳನ್ನು ಹೊರಗೆಳೆದು, ಬಡಗಿಯೊಬ್ಬನನ್ನು ಕಾಡಿ ಬೇಡಿ, ನಾಲ್ಕು ಭಾನುವಾರ ಕೂತು ಕಾಲು ಜೋಡಿಸಿದರು. ಹನ್ನೆರಡು ಜನರ ಕೈಯಲ್ಲೂ ಬೊಬ್ಬೆ. ಪ್ರಿನ್ಸಿಪಾಲರು ಭಾಷಣ ಮಾಡಿ, ಫೋಟೋ ತೆಗೆಸಿಕೊಂಡು, ಕೂತಿದ್ದಕ್ಕೆ ಕೂಲಿ ಕಡಿಯುವಂತಿಲ್ಲವೆಂದು ನೋಟಿಸ್ ಹಾಕಿಸಿದರು. ಗುಡಿಸುವ ಹೆಂಗಸರ ಪರವಾಗಿ ನಮ್ಮ ಕಾರ್ಮಿಕ ಸಂಘ ಆ ಗೇಟಿನ ಮುಂದೆ ಆರು ವರ್ಷ ಗಂಟಲು ಹರಿದುಕೊಂಡು ಪಡೆಯಲಾಗದ್ದನ್ನು ಈ ಮಕ್ಕಳು ಪಡೆದರು. ನನಗೆ ಹೊಟ್ಟೆಕಿಚ್ಚಾದದ್ದು ನಿಜ.

ದೊಡ್ಡಮ್ಮ ಮೊದಲ ವಾರ ಸ್ಟೂಲಿನ ಮೇಲೆ ಬಕೆಟ್ ಇಟ್ಟಳು. ಎರಡನೇ ವಾರ ತಾನೇ ಕೂತಳು.

ಮ್ಯೂಟ್ ಓದು ಮುಗಿಸಿ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದಳು. ಆ ತಿಂಗಳೇ ಕಾಲೇಜಿಗೆ ತಪಾಸಣೆಯವರು ಬಂದರು. ತಪಾಸಣೆ ಎಂದರೆ ಈ ಹೆಂಗಸರಿಗೆ ಒಂದೇ ಅರ್ಥ. ನಿಮ್ಮ ಸಾಮಾನು ಕಣ್ಣಿಗೆ ಬೀಳಬಾರದು. ಚಪ್ಪಲಿ, ಊಟದ ಡಬ್ಬಿ, ಬೆವರು ಒರೆಸುವ ಬಟ್ಟೆ, ಎಲ್ಲವನ್ನೂ ಬಚ್ಚಿಟ್ಟು ಬಚ್ಚಿಟ್ಟು ಇಪ್ಪತ್ತು ವರ್ಷದ ರೂಢಿ. ಸ್ಟೂಲಿನ ವಿಷಯ ಅವತ್ತು ಯಾರೂ ಎತ್ತಿರಲಿಲ್ಲ. ಆ ಕಟ್ಟಡದಲ್ಲಿ ತಮ್ಮದೆಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಅದಕ್ಕೇ ಅದನ್ನೂ ಬಚ್ಚಿಟ್ಟರು. ತೊಳೆದು, ಒರೆಸಿ, ಹನ್ನೊಂದನ್ನೂ ಹೊತ್ತುಕೊಂಡು ಹೋಗಿ ಸ್ಟೋರಿನಲ್ಲಿ ಒಂದರ ಮೇಲೊಂದು ಜೋಡಿಸಿದರು.

ಮರುದಿನ ತರಲು ಹೋದರೆ ಸ್ಟೋರಿನವನು ಕೇಳಿದ: "ಏನಮ್ಮಾ ಬಂದ್ರಿ?"

"ನಮ್ಮ ಸ್ಟೂಲು ಕೊಡಪ್ಪ."

"ನೀವೇ ತಂದುಕೊಟ್ರಲ್ಲ! ವಾಪಸ್ ಬಂತು ಅಂತ ಬರೆದಾಯ್ತು."

ಈಗ ಅವು ಪ್ರಿನ್ಸಿಪಾಲರ ಕೋಣೆಯ ಮುಂದಿವೆ. ಒಂದೊಂದರ ಮೇಲೆ ಒಂದೊಂದು ಹೂಕುಂಡ. ಗಿಡ ಕೂತಿದೆ, ಹೆಂಗಸು ನಿಂತಿದ್ದಾಳೆ. ನೋಟಿಸ್ ಹರಿದುಹೋಗಿದೆ, ಕೂಲಿ ಕಡಿತ ಮತ್ತೆ ಶುರುವಾಗಿದೆ. ಕೇಳಿದರೆ ಆಫೀಸಿನವರ ಉತ್ತರ ತಯಾರಿದೆ: "ಅವರಿಗೇ ಬೇಡವಾಗಿತ್ತು." ಬೇಡವಾಗಿತ್ತಂತೆ! ಹೆದರಿಕೆಯನ್ನು ಇಪ್ಪತ್ತು ವರ್ಷ ಅರೆದು ಕುಡಿಸಿದವರೇ ಈ ಮಾತು ಹೇಳುತ್ತಾರೆ.

ಮ್ಯೂಟ್ ಮೂರು ಅರ್ಜಿ ಬರೆದಳು. ಉತ್ತರ ಬರಲಿಲ್ಲ. ಬಂದದ್ದು ಆಹ್ವಾನ. ಕಳೆದ ತಿಂಗಳು ನಾಯಕತ್ವ ಕಾರ್ಯಕ್ರಮದ ಹೊಸ ತಂಡದ ಉದ್ಘಾಟನೆಗೆ ಅವಳೇ ಮುಖ್ಯ ಅತಿಥಿ. ವೇದಿಕೆ ಹತ್ತುವ ಮೊದಲು ಅವಳು ಮೇಡಂ ಬಳಿ ಸ್ಟೂಲಿನ ಮಾತೆತ್ತಿದಳು. ಮೇಡಂ ಅವಳ ಭುಜ ತಟ್ಟಿದರು.

"ನೀನು ನಮ್ಮ ಹೆಮ್ಮೆ ಕಣಮ್ಮ. ಬಿಟ್ಟುಹೋಗೋದು ಅಂದ್ರೆ ವಸ್ತು ಅಲ್ಲ, ಮನೋಭಾವ."

"ಮನೋಭಾವದ ಮೇಲೆ ಕೂತ್ರೆ ಮಂಡಿನೋವು ಹೋಗುತ್ತಾ ಮೇಡಂ?"

ವೇದಿಕೆಯಲ್ಲಿ ಅವಳಿಗೆ ಮೆತ್ತೆಯ ಕುರ್ಚಿ ಹಾಕಿದ್ದರು. ಅವಳು ಅದರ ಬೆನ್ನು ಹಿಡಿದು ನಿಂತಳು. ಮೈಕ್ ಬೇಕಾಗಲಿಲ್ಲ.

"ಆ ಹನ್ನೊಂದು ಸ್ಟೂಲು ಮಹಡಿಗೆ ವಾಪಸ್ ಬರೋವರೆಗೂ ನಾನು ಈ ಕಾಲೇಜಲ್ಲಿ ಕೂರಲ್ಲ."

ಒಂದೂವರೆ ಗಂಟೆಯ ಸಮಾರಂಭದಲ್ಲಿ ಅವಳು ನಿಂತೇ ಇದ್ದಳು. ಪ್ರಿನ್ಸಿಪಾಲರು ಗಡಿಯಾರ ನೋಡಿದರು, ಮೇಡಂ ನೆಲ ನೋಡಿದರು. ಹೊಸ ತಂಡದಲ್ಲಿ ಮೂವರು ಎದ್ದು ನಿಂತರು, ಒಂಬತ್ತು ಜನ ಕೂತೇ ಇದ್ದರು. ಹಿಂದಿನ ಬಾಗಿಲಲ್ಲಿ ಒರೆಸುವ ಕೋಲು ಹಿಡಿದು ನಿಂತಿದ್ದ ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಅಷ್ಟು ವರ್ಷದ ಒಪ್ಪಂದ ಮುರಿದು, ಎಲ್ಲರೆದುರು ಕೂಗಿಯೇಬಿಟ್ಟಳು: "ಕೂತ್ಕೊಳ್ಳೇ ಮಗಳೇ, ಕಾಲು ನೋಯುತ್ತೆ!"

"ನಿನಗೆ ನೋಯಲ್ವಾ?"

ಸ್ಟೂಲು ಇನ್ನೂ ಬಂದಿಲ್ಲ.

ಈಗ ನಿಮ್ಮ ಸರದಿ. ನಾಳೆ ನೀವು ಯಾವುದೋ ಕಾಲೇಜಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ, ನಿಮ್ಮದೇ ಆಫೀಸಿಗೆ ಹೋಗುತ್ತೀರಿ. ಯಾರೋ ಕುರ್ಚಿ ಎಳೆದು "ಕೂತ್ಕೊಳ್ಳಿ" ಎನ್ನುತ್ತಾರೆ. ಕೂರಬೇಡಿ. ಈ ನೆಲ ಒರೆಸುವವರು ಎಲ್ಲಿ ಕೂರುತ್ತಾರೆ ಎಂದು ಮೊದಲು ಕೇಳಿ. ಆ ಜಾಗವನ್ನು ಕೈಮಾಡಿ ತೋರಿಸುವವರೆಗೂ ನಿಂತೇ ಇರಿ.