ಜಾರಿದ ಭುಜದ ಶಾಲೆ

ಟೈಲರಕ್ಕನ ಅಂಗಡಿ ಹತ್ತಡಿ ಉದ್ದ, ಏಳಡಿ ಅಗಲ. ಬಾಗಿಲ ಪಕ್ಕದಲ್ಲಿ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಒಂದು ಉದ್ದನೆಯ ಕನ್ನಡಿ, ಅದರ ಎದುರು ಅಳತೆ ಕೊಡುವವರು ನಿಲ್ಲುವ ಜಾಗ. ಶಾಲೆಗಳು ತೆರೆಯುವ ಮುಂಚಿನ ತಿಂಗಳಲ್ಲಿ ಊರಿನ ಅಪ್ಪ ಅಮ್ಮಂದಿರು ಶಾಲೆಗಳನ್ನು ತೂಗಿ ನೋಡುವುದು ಆ ಮೇಜಿನ ಸುತ್ತ ನಿಂತೇ. ಮಕ್ಕಳು ಕೈ ಚಾಚಿ ಗೊಂಬೆಗಳಂತೆ ನಿಂತಿರುತ್ತಾರೆ, ಟೇಪು ಭುಜದಿಂದ ಮಣಿಕಟ್ಟಿಗೆ ಓಡುತ್ತಿರುತ್ತದೆ, ಅವರ ತಲೆಯ ಮೇಲಿನಿಂದ ಮಾತು ಸಾಗುತ್ತಿರುತ್ತದೆ.

"ಟೈಲರಕ್ಕ, ನಿಮ್ಮತ್ರ ಎಲ್ಲಾ ಸ್ಕೂಲಿನೋರೂ ಬರ್ತಾರಲ್ಲ. ನಿಜ ಹೇಳಿ, ಯಾವುದು ವಾಸಿ?"

ಅವಳು ಯಾವ ಶಾಲೆಯ ಅಂಕಪಟ್ಟಿಯನ್ನೂ ನೋಡಿದವಳಲ್ಲ. ನೋಡುವುದು ಬಟ್ಟೆಯನ್ನು. ತೋಳಿನ ಮೊಣಕೈ ಸವೆದಿದ್ದರೆ ಹುಡುಗಿ ಕೂತು ಬರೆಯುತ್ತಾಳೆ. ಜೇಬಿನ ಮೂಲೆ ಹರಿದಿದ್ದರೆ ಹುಡುಗರು ಎಳೆದಾಡಿದ್ದಾರೆ, ಮೇಷ್ಟರು ತರಗತಿಯಲ್ಲಿರುವುದಿಲ್ಲ. ಲಂಗದ ಅಂಚು ಎರಡು ಬಾರಿ ಬಿಚ್ಚಿ ಇಳಿಸಿದ್ದರೆ ಮನೆಯಲ್ಲಿ ಯಾರೋ ಕಣ್ಣಿಟ್ಟಿದ್ದಾರೆ. ಹೀಗೆ ಹೇಳಿದ್ದರಲ್ಲಿ ಹತ್ತಕ್ಕೆ ಏಳು ಸರಿಯಾಗುತ್ತಿದ್ದವು. ತಪ್ಪಾದ ಮೂರನ್ನು ಯಾರೂ ನೆನಪಿಡಲಿಲ್ಲ. ನಾನೂ ಅವಳ ಗಿರಾಕಿಯೇ, ಆದ್ದರಿಂದ ಈ ತೀರ್ಪುಗಳನ್ನು ಬಹಳ ಸಲ ಕೇಳಿದ್ದೇನೆ. ಒಂದು ಸಲವೂ ಎದುರಾಡಲಿಲ್ಲ. ಆಡಬೇಕಿತ್ತು.

ನೀರಿನ ಟ್ಯಾಂಕಿನ ಹಿಂದಿರುವ ಸರ್ಕಾರಿ ಹೈಸ್ಕೂಲಿನ ಬಗ್ಗೆ ನಾಲ್ಕು ವರ್ಷದಿಂದ ಅವಳ ತೀರ್ಪು ಒಂದೇ.

"ಅಲ್ಲಿ ಕೇಳೋರಿಲ್ಲ ಬಿಡಿ. ಆ ಮಕ್ಕಳ ಶರ್ಟ್ ನೋಡಿದೀರಾ? ಭುಜದ ಹೊಲಿಗೆ ಮೊಣಕೈ ಹತ್ರ ಬಂದಿರುತ್ತೆ. ಮನೇಲಿ ನೋಡೋರಿಲ್ಲ, ಸ್ಕೂಲಲ್ಲಿ ಹೇಳೋರಿಲ್ಲ. ಮೊದಲು ವರ್ಷಕ್ಕೆ ಎಂಬತ್ತು ಜನ ಬಂದು ಹೊಲಿಸ್ತಿದ್ರು, ಈಗ ನಾಲ್ಕು ಜನ ಬಂದ್ರೆ ಹೆಚ್ಚು."

ಮಾತು ಅಂಗಡಿಯಿಂದ ಹೊರಗೆ ಹೋದ ಮೇಲೆ ಕಾಲಿಲ್ಲದೆಯೂ ನಡೆಯಿತು. "ಟೈಲರಕ್ಕನೇ ಹೇಳಿದ್ಲು" ಎಂದರೆ ಅರ್ಧ ಊರಿಗೆ ಸಾಕಾಗುತ್ತಿತ್ತು. ಆ ಅರ್ಧ ಊರು ಮಕ್ಕಳನ್ನು ಹೆದ್ದಾರಿ ಬದಿಯ ಖಾಸಗಿ ಶಾಲೆಗೆ ಹಾಕಿತು. ಮೂರು ಹಳದಿ ಬಸ್ಸುಗಳಿದ್ದುದರಿಂದ ಅದಕ್ಕೆ ಬಸ್ಸಿನ ಸ್ಕೂಲು ಎಂದೇ ಹೆಸರು.

ಆ ಸರ್ಕಾರಿ ಹೈಸ್ಕೂಲಿನಲ್ಲಿ ಅವಳೂ ಓದಿದ್ದಳು ಎಂಬುದು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಒಂಬತ್ತನೇ ತರಗತಿಯ ಅರ್ಧದವರೆಗೆ. ಅದೇ ಯಂತ್ರದ ಮುಂದೆ ಆಗ ಅವಳ ಅಮ್ಮ ಕೂರುತ್ತಿದ್ದರು. ಒಂದು ದಿನ ಅಮ್ಮನಿಗೆ ಸೂಜಿಯ ಕಣ್ಣು ಕಾಣಲಿಲ್ಲ, ವಾರದಲ್ಲಿ ಬಟ್ಟೆಯ ಗೆರೆಯೂ ಕಾಣಲಿಲ್ಲ. ಒಪ್ಪಿಕೊಂಡ ಬಟ್ಟೆಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದವು. "ಹದಿನೈದು ದಿನ ಕೂತ್ಕೋ ಮಗಳೇ, ಇದನ್ನೊಂದು ಮುಗಿಸಿಕೊಡು" ಎಂದರು. ಆ ಹದಿನೈದು ದಿನ ಇಪ್ಪತ್ತನಾಲ್ಕು ವರ್ಷವಾಗಿದೆ. ತರಗತಿಯಲ್ಲಿ ರೇಖಾಗಣಿತಕ್ಕೆ ಅವಳೇ ಮೊದಲು. ಶಾಲೆ ಬಿಟ್ಟ ದಿನ ಗಣಿತದ ಮೇಡಂ ಕರಿಹಲಗೆಯ ಮೇಲೆ ಒಂದು ಪ್ರಮೇಯವನ್ನು ಅರ್ಧ ಬಿಡಿಸಿ, ಉಳಿದದ್ದು ನಾಳೆ ಎಂದಿದ್ದರು. ಬಹಳ ದಿನ ಅವಳು ಕತ್ತರಿ ಹಿಡಿದುಕೊಂಡೇ ಆ ಉಳಿದದ್ದನ್ನು ಮನಸ್ಸಿನಲ್ಲಿ ಬಿಡಿಸಲು ನೋಡುತ್ತಿದ್ದಳು, ಆಮೇಲೆ ನಿಲ್ಲಿಸಿದಳು. ಅಂದಿನಿಂದ ಟ್ಯಾಂಕಿನ ರಸ್ತೆಗೆ ಕಾಲಿಟ್ಟಿರಲಿಲ್ಲ. ತರಕಾರಿಗೆ ಹೋಗಲು ಅದೇ ಹತ್ತಿರದ ದಾರಿ. ಅವಳು ಬಸ್ ನಿಲ್ದಾಣ ಸುತ್ತಿಕೊಂಡು ಹೋಗುತ್ತಿದ್ದಳು.

ಈ ವರ್ಷ ಅವಳ ಮಗಳು ಏಳನೆಯದನ್ನು ಮುಗಿಸಿದಳು.

ಗಂಡ ಬಸ್ಸಿನ ಸ್ಕೂಲಿನ ಡ್ರೈವರ್. ಅವನ ಪಾಲಿಗೆ ಯೋಚಿಸಲು ಏನೂ ಇರಲಿಲ್ಲ. ಸಿಬ್ಬಂದಿಯ ಮಕ್ಕಳಿಗೆ ಅಲ್ಲಿ ರಿಯಾಯಿತಿ ಇತ್ತು. ಊಟಕ್ಕೆ ಕೂತಾಗ ಅವನು ಮಾತು ಮುಗಿಸಿದ ಧಾಟಿಯಲ್ಲೇ ಶುರುಮಾಡಿದ.

"ಶನಿವಾರ ಕೊನೇ ದಿನ. ಫಾರಂ ತಂದಿದೀನಿ. ನನ್ನ ಬಸ್ಸಲ್ಲೇ ಹೋಗ್ತಾಳೆ, ನನ್ನ ಬಸ್ಸಲ್ಲೇ ಬರ್ತಾಳೆ."

"ಟ್ಯಾಂಕ್ ಹಿಂದಿನ ಸ್ಕೂಲನ್ನೂ ಒಂದ್ಸಲ ನೋಡೋಣ ರೀ," ಎಂದಳು ಅವಳು.

ಗಂಡ ತುತ್ತನ್ನು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. "ಏನೇ, ಹುಷಾರಾಗಿದೀಯ ತಾನೇ? ಅಲ್ಲಿ ಕೇಳೋರಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆದೋಳು ಯಾರು? ನನ್ನ ಬಸ್ಸಲ್ಲಿ ಹತ್ತು ಮಕ್ಕಳು ನಿನ್ನ ಮಾತು ಕೇಳ್ಕೊಂಡೇ ಹತ್ತಿರೋದು."

"ನಂಗೊತ್ತು."

"ಮತ್ತೆ?"

ತಾನು ಕೂರುತ್ತಿದ್ದ ಆ ಕಿಟಕಿ ಪಕ್ಕದ ಬೆಂಚಿನಲ್ಲಿ ತನ್ನ ಮಗಳು ಕೂರಬೇಕು, ಅಲ್ಲಿಂದ ಏಳದೆ ಹತ್ತನೆಯದನ್ನು ಮುಗಿಸಬೇಕು ಎಂದು ಡ್ರೈವರನಿಗೆ ಹೇಳುವುದು ಹೇಗೆ? ಅವನು ನಗುತ್ತಿರಲಿಲ್ಲ. ಆದರೆ ಅದು ಕಾರಣವೇ ಅಲ್ಲ ಎನ್ನುತ್ತಿದ್ದ. ಅದು ಕಾರಣವಲ್ಲ ಎಂದು ಅವಳಿಗೂ ಗೊತ್ತಿತ್ತು.

ಮಗಳು ತಟ್ಟೆಯಿಂದ ತಲೆ ಎತ್ತಿದಳು. "ಅಪ್ಪನ ಬಸ್ಸಲ್ಲಿ ಹೋದ್ರೆ ಹಾರ್ನ್ ಹೊಡೆದಾಗೆಲ್ಲ ಹುಡುಗ್ರು ನನ್ನ ಹೆಸರು ಕೂಗಿ ರೇಗಿಸ್ತಾರೆ. ನಂಗೆ ನಡ್ಕೊಂಡು ಹೋಗೋದೇ ಇಷ್ಟ."

"ನಿನ್ನ ಕೇಳಿದ್ಯಾರು?" ಎಂದ ಅಪ್ಪ.

"ಅದನ್ನೇ ನಾನೂ ಯೋಚನೆ ಮಾಡ್ತಿದೀನಿ."

ಅವನಿಗೆ ನಗು ಬಂತು, ಅದನ್ನು ನೀರಿನ ಜೊತೆ ನುಂಗಿದ. "ಸರಿ. ನೋಡ್ಕೊಂಡು ಬಾ. ನೋಡೋದಕ್ಕೇನು."

ಬುಧವಾರ ಬೆಳಿಗ್ಗೆ ಅವಳು ಅಂಗಡಿಗೆ ಬೀಗ ಹಾಕಿ ಟ್ಯಾಂಕಿನ ರಸ್ತೆ ಹಿಡಿದಳು. ಒಂಬತ್ತು ಮತ್ತು ಹತ್ತನೇ ತರಗತಿಗಳು ಆಗಲೇ ಶುರುವಾಗಿದ್ದವು. ಕಟ್ಟಡ ಅವಳ ನೆನಪಿಗಿಂತ ಕುಳ್ಳಗಿತ್ತು. ಹೊರಗೋಡೆಯ ಸುಣ್ಣ ಎದ್ದಿತ್ತು, ಆದರೆ ಜಗಲಿ ತೊಳೆದಿತ್ತು, ಕೊಠಡಿಗಳ ಬಾಗಿಲಿಗೆ ತರಗತಿಯ ಹೆಸರನ್ನು ನೇರ ಅಕ್ಷರಗಳಲ್ಲಿ ಬರೆದಿತ್ತು. ಒಂಬತ್ತರ ಕೊಠಡಿಯ ಮುಂದೆ ಅವಳ ಕಾಲು ತಾನಾಗಿಯೇ ನಿಂತಿತು. ಒಳಗೆ ಒಬ್ಬ ಹುಡುಗಿ ಕರಿಹಲಗೆಯ ಮುಂದೆ ನಿಂತು, ಮೇಡಂ ತಪ್ಪು ಮಾಡಿದ್ದಾರೆ ಎಂದು ವಾದಿಸುತ್ತಿದ್ದಳು. ಮೇಡಂ ಕೊನೆಯ ಬೆಂಚಿನಲ್ಲಿ ಕೂತು, "ಎಲ್ಲಿ ತಪ್ಪು, ತೋರಿಸು" ಎನ್ನುತ್ತಿದ್ದರು. ಹುಡುಗಿಯ ಶರ್ಟಿನ ಭುಜ ಮೊಣಕೈವರೆಗೆ ಜಾರಿತ್ತು. ಸೀಮೆಸುಣ್ಣ ಹಿಡಿದ ಕೈ ಎತ್ತಿದಾಗಲೆಲ್ಲ ತೋಳು ಹಿಂದಕ್ಕೆ ಬಿದ್ದು ಅವಳು ಅದನ್ನು ಸರಿಮಾಡಿಕೊಳ್ಳುತ್ತಿದ್ದಳು. ವಾದ ಮಾತ್ರ ನಿಲ್ಲಿಸಲಿಲ್ಲ.

ಮುಖ್ಯೋಪಾಧ್ಯಾಯಿನಿಯನ್ನು ಮಕ್ಕಳು ದೊಡ್ಡ ಮೇಡಂ ಎನ್ನುತ್ತಾರೆ. ಅವರ ಕೋಣೆಯಲ್ಲಿ ಎರಡು ಬೀರು, ಒಂದು ಮೇಜು, ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ಟೈಲರಕ್ಕ ಫಾರಂ ಕೇಳುವ ಮೊದಲೇ, ಸ್ವಭಾವ ತಡೆಯಲಾರದೆ ಕೇಳಿಬಿಟ್ಟಳು.

"ಮೇಡಂ, ಈ ಮಕ್ಕಳ ಮನೇಲಿ ಶರ್ಟ್ ಅಳತೆಗೆ ಸ್ವಲ್ಪ ಹಿಡಿಸಿ ಹೊಲಿದು ಕೊಡೋರೂ ಇಲ್ವಾ?"

"ಮನೇಲೇನ್ ಮಾಡ್ತಾರಮ್ಮ?" ದೊಡ್ಡ ಮೇಡಂ ಪೆಟ್ಟಿಗೆಗಳತ್ತ ಕೈ ತೋರಿಸಿದರು. "ನಾಲ್ಕು ವರ್ಷದಿಂದ ಇಲಾಖೆಯೋರು ಹೊಲಿಸೇ ಕಳಿಸ್ತಾರೆ. ಮೂರೇ ಅಳತೆ. ಚಿಕ್ಕದು, ನಡುವಿನದು, ದೊಡ್ಡದು. ಚಿಕ್ಕದು ಯಾವಾಗಲೂ ಕಡಿಮೆ ಬರುತ್ತೆ. ಬಿಚ್ಚಿ ಹೊಲಿಸಬಾರದು ಅಂತ ಮೊದಲನೇ ವರ್ಷ ಯಾರೋ ಹೇಳಿದ್ರು, ಮಕ್ಕಳು ಅದನ್ನೇ ಹಿಡ್ಕೊಂಡಿದಾರೆ. ಯಾಕಮ್ಮ, ನಿಮಗೆ ಗೊತ್ತಿರಲಿಲ್ವಾ? ನೀವು ಬಟ್ಟೆ ಕೆಲಸದವರಲ್ವಾ?"

ಗೊತ್ತಿರಲಿಲ್ಲ. ಎಂಬತ್ತು ಗಿರಾಕಿಗಳು ನಾಲ್ಕಾದಾಗ ಶಾಲೆ ಖಾಲಿಯಾಯಿತು ಎಂದುಕೊಂಡಿದ್ದಳು. ಬಟ್ಟೆ ಬೇರೆ ಕಡೆಯಿಂದ ಬರುತ್ತಿರಬಹುದು ಎಂದು ಒಂದು ಸಲವೂ ಯೋಚಿಸಲಿಲ್ಲ. ಹೊಲಿಗೆಯವಳು ಮಾತ್ರ ಮಾಡಬಹುದಾದ ತಪ್ಪು ಅದು. ಭುಜ ಜಾರಿದ್ದನ್ನು ಕಂಡಳು, ಅದಕ್ಕೆ ಕಾರಣವನ್ನು ತಾನೇ ಕತ್ತರಿಸಿ ಹೊಲಿದಳು.

"ಎಂಟನೆಯದಕ್ಕೆ ಎಷ್ಟು ಜನ ಸೇರಿದಾರೆ ಮೇಡಂ?"

"ಹದಿನಾರು. ಇಪ್ಪತ್ತೈದು ಆಗಬೇಕು. ಶನಿವಾರದೊಳಗೆ ಆಗದಿದ್ರೆ ಈ ವರ್ಷ ಎಂಟನೇ ಕ್ಲಾಸು ಇಲ್ಲ, ಈ ಹದಿನಾರು ಮಕ್ಕಳನ್ನೂ ಪಕ್ಕದ ಊರಿಗೆ ಕಳಿಸ್ತಾರೆ. ನಾಲ್ಕು ವರ್ಷದ ಹಿಂದೆ ಎಂಬತ್ತು ಜನ ಇದ್ರು. ಹೋದ ವರ್ಷದ ಹತ್ತನೇ ಕ್ಲಾಸಲ್ಲಿ ಮೂವತ್ತೆಂಟಕ್ಕೆ ಮೂವತ್ತಾರು ಪಾಸು. ಆದ್ರೂ ಯಾಕೋ ಜನಕ್ಕೆ ಈ ಸ್ಕೂಲ್ ಮೇಲೆ ಮನಸ್ಸಿಲ್ಲ. ಯಾರು ಏನು ಹೇಳ್ತಾರೋ."

ಟೈಲರಕ್ಕ ಫಾರಂ ತೆಗೆದುಕೊಂಡು ಎದ್ದಳು. ಬಾಗಿಲವರೆಗೆ ಹೋಗಿ ಹಿಂದಿರುಗಿ ಬಂದು, ಹೇಳಿದವಳು ನಾನೇ ಎಂದಳು. ದೊಡ್ಡ ಮೇಡಂ ಕನ್ನಡಕ ತೆಗೆದು ಒರೆಸಿದರು. ಬೈಯಲಿಲ್ಲ.

"ಹಂಗಾದ್ರೆ ಇನ್ನು ಮೂರು ದಿನ ಬೇರೆ ಥರ ಹೇಳಿ ನೋಡಿ," ಎಂದರು.

ಗುರುವಾರ ಅಂಗಡಿ ತುಂಬ ಜನ. ಮೊದಲು ಬಂದದ್ದು ಎರಡಿಂಚಮ್ಮ. ಔಷಧಿ ಅಂಗಡಿಯವನ ಹೆಂಡತಿ, ಏನು ಹೊಲಿಸಿದರೂ ಬೆಳೆಯುವ ಮಗನಿಗೆ ಎರಡಿಂಚು ಬಿಡಿ ಎನ್ನುವವಳು. ಬೆಳೆಯುವ ಗಂಡನಿಗೂ ಎರಡಿಂಚು ಬಿಡಿಸಿಕೊಂಡವಳು. ಅವಳ ಪಕ್ಕದಲ್ಲಿ ಬ್ಯಾಂಕಿನ ಗುಮಾಸ್ತೆ, ಕಂಕುಳಲ್ಲಿ ಬಸ್ಸಿನ ಸ್ಕೂಲಿನ ಬಟ್ಟೆ.

ಟೈಲರಕ್ಕ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ನಿಂತೇ ಹೇಳಿದಳು. "ನಾನು ತಪ್ಪು ಹೇಳಿದ್ದೆ. ಆ ಶರ್ಟುಗಳು ಹೊಲಿದೇ ಬರ್ತವಂತೆ. ಸ್ಕೂಲು ಚೆನ್ನಾಗಿದೆ, ನಿನ್ನೆ ಹೋಗಿ ಕಣ್ಣಾರೆ ನೋಡ್ಕೊಂಡು ಬಂದೆ. ಮಕ್ಕಳು ಮೇಡಂ ಜೊತೆ ವಾದ ಮಾಡ್ತಾರೆ."

"ಅಯ್ಯೋ, ವಾದ ಮಾಡೋಕೆ ಸ್ಕೂಲಿಗೆ ಯಾಕೆ ಕಳಿಸಬೇಕು," ಎಂದಳು ಎರಡಿಂಚಮ್ಮ. "ನಮ್ಮನೇಲೇ ಉಚಿತ."

"ತಮಾಷೆ ಅಲ್ಲಮ್ಮ. ಒಂದ್ಸಲ ಹೋಗಿ ನೋಡಿ."

ಗುಮಾಸ್ತೆ ಅವಳನ್ನೇ ಅಳೆಯುವಂತೆ ನೋಡಿದಳು. "ಮೂರು ವರ್ಷದ ಹಿಂದೆ ಇದೇ ಮೇಜಿನ ಹತ್ರ ನಿಂತು ನನ್ನ ದೊಡ್ಡ ಮಗನ್ನ ಅಲ್ಲಿಗೆ ಹಾಕಬೇಡಿ ಅಂದ್ರಿ. ನಾನು ಹಾಕಲಿಲ್ಲ. ಈಗ ಚಿಕ್ಕವಳನ್ನ ಹಾಕಿ ಅಂತೀರ. ನಿಮ್ಮ ಯಾವ ಮಾತನ್ನ ನಂಬಲಿ ಟೈಲರಕ್ಕ?"

"ಇದನ್ನ ನಂಬಿ."

"ಆವಾಗಲೂ ಹಿಂಗೇ ಹೇಳಿದ್ರಿ."

ಎರಡು ದಿನ ಹೀಗೇ ಹೋಯಿತು. ಕೆಲವರು ನಕ್ಕರು, ಕೆಲವರು ಆ ಶಾಲೆಯವರು ಇವಳಿಗೆ ಹೊಲಿಗೆ ಗುತ್ತಿಗೆ ಕೊಟ್ಟಿರಬೇಕು ಎಂದು ಗೊಣಗಿದರು. ಕೆಟ್ಟ ಮಾತನ್ನು ಊರು ಒಂದೇ ಬಾಯಿಂದ ಕೇಳಿ ನಂಬಿತ್ತು, ಒಳ್ಳೆಯ ಮಾತಿಗೆ ಸಾಕ್ಷಿ ಕೇಳಿತು. ಆದರೂ ಕೆಲವರು ಹೋಗಿ ನೋಡಿದರು. ಯಾರೂ ಎಣಿಸದಿದ್ದ ಎರಡಿಂಚಮ್ಮ ಶುಕ್ರವಾರ ಸಂಜೆ ಮಗನನ್ನು ಸೇರಿಸಿ ಬಂದು, "ಮೇಡಂ ನನ್ನನ್ನೇ ಕೂರಿಸಿ ಪಾಠ ಹೇಳಿಬಿಟ್ರು ಕಣ್ರೀ" ಎಂದು ಅಂಗಡಿ ಬಾಗಿಲಲ್ಲೇ ಕೂಗಿದಳು. ಅಲ್ಲಿಗೆ ಇಪ್ಪತ್ತೊಂದು.

ಆ ರಾತ್ರಿ ಗಂಡ ಎರಡು ಫಾರಂಗಳನ್ನೂ ಪಕ್ಕಪಕ್ಕ ಇಟ್ಟ.

"ಇಪ್ಪತ್ತೈದು ಆಗೋದಾದ್ರೆ ನಂದೇನೂ ಅಡ್ಡಿ ಇಲ್ಲ," ಎಂದ. "ಆಗದಿದ್ರೆ ಅವಳು ದಿನಾ ಪಕ್ಕದೂರಿಗೆ ಹೋಗ್ಬೇಕು, ಎರಡು ಬಸ್ ಬದಲಾಯಿಸಿ. ನಂದು ಒಂದೇ ಮಾತು. ನಿನ್ನ ಆಸೆಗೆ ಅವಳನ್ನ ಬಸ್ ನಿಲ್ದಾಣದಲ್ಲಿ ನಿಲ್ಲಿಸಬೇಡ."

"ನನ್ನ ಆಸೆ ಅಂತ ಯಾರು ಹೇಳಿದ್ರು?"

"ಮದುವೆಯಾಗಿ ಹದಿನಾರು ವರ್ಷ ಆಯ್ತು. ತರಕಾರಿಗೆ ನೀನ್ಯಾಕೆ ಸುತ್ತು ಹಾಕ್ಕೊಂಡು ಹೋಗ್ತೀಯ ಅಂತ ನಂಗೊತ್ತಿಲ್ವಾ? ದಿನಾ ಇಡೀ ಊರು ಸುತ್ತೋನು ನಾನು."

ಅವಳು ತಟ್ಟೆಗಳನ್ನು ಎತ್ತಿಕೊಂಡು ಹೋದಳು.

ಶನಿವಾರ ಮಧ್ಯಾಹ್ನ ಮೂರರಿಂದ ತಾಯಿ ಮಗಳು ದೊಡ್ಡ ಮೇಡಂ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತರು. ಮೂರೂವರೆಗೆ ಒಬ್ಬ ಬಡಗಿ ಅವಳಿ ಮಕ್ಕಳನ್ನು ಕರೆತಂದ. ಇಪ್ಪತ್ತಮೂರು. ಮಗಳ ಫಾರಂ ಟೈಲರಕ್ಕನ ತೊಡೆಯ ಮೇಲಿತ್ತು. ಅದನ್ನೂ ಸೇರಿಸಿದರೆ ಇಪ್ಪತ್ತನಾಲ್ಕು. ನಾಲ್ಕೂಕಾಲಿಗೆ ಗೇಟಿನ ಬಳಿ ಬ್ಯಾಂಕಿನ ಗುಮಾಸ್ತೆ ಮಗಳ ಕೈ ಹಿಡಿದು ನಿಂತದ್ದು ಕಾಣಿಸಿತು. ಟೈಲರಕ್ಕ ಎದ್ದು ನಿಂತಳು. ಗುಮಾಸ್ತೆ ಕಟ್ಟಡವನ್ನು ನೋಡಿದಳು, ಆಟದ ಬಯಲಿನಲ್ಲಿ ತೋಳು ಜಾರಿಸಿಕೊಂಡು ಓಡುತ್ತಿದ್ದ ಇಬ್ಬರು ಹುಡುಗಿಯರನ್ನು ನೋಡಿದಳು, ಮಗಳಿಗೆ ಏನೋ ಹೇಳಿ ಹೆದ್ದಾರಿಯ ಕಡೆ ತಿರುಗಿದಳು. ಕೂಗಬಹುದಿತ್ತು. ಕೂಗಿ ಹೇಳಲು ಹೊಸದೇನೂ ಉಳಿದಿರಲಿಲ್ಲ.

ನಾಲ್ಕೂವರೆಗೆ ದೊಡ್ಡ ಮೇಡಂ ಹೊರಗೆ ಬಂದರು. "ಐದಕ್ಕೆ ಬಸ್ಸಿನ ಸ್ಕೂಲಿನ ಕಚೇರಿ ಮುಚ್ತಾರೆ. ಹೊರಡಿ ಅಮ್ಮ."

"ಇನ್ನೊಬ್ಬರು ಬರಬಹುದು."

"ಬರಬಹುದು. ಬರದಿದ್ರೆ ನಿಮ್ಮ ಹುಡುಗಿಗೆ ಎರಡೂ ಇಲ್ಲ."

ಮಗಳು ಫಾರಂ ಅನ್ನು ಅಮ್ಮನ ತೊಡೆಯಿಂದ ಎತ್ತಿ ನಾಲ್ಕು ಮಡಿಕೆ ಮಾಡಿದಳು. "ಬಾ ಅಮ್ಮ. ಹಾರ್ನ್ ಹೊಡೀಬೇಡ ಅಂತ ಅಪ್ಪಂಗೆ ನೀನೇ ಹೇಳು."

ಅವರು ಐದಕ್ಕೆ ಹತ್ತು ನಿಮಿಷವಿರುವಾಗ ಬಸ್ಸಿನ ಸ್ಕೂಲಿನ ಕಚೇರಿ ತಲುಪಿ ಇನ್ನೊಂದು ಫಾರಂ ಕೊಟ್ಟರು. ಟ್ಯಾಂಕಿನ ಹಿಂದೆ ಆಮೇಲೆ ಯಾರೂ ಬರಲಿಲ್ಲ. ಎರಡಿಂಚಮ್ಮನ ಮಗ, ಬಡಗಿಯ ಅವಳಿಗಳು ಮತ್ತು ಉಳಿದ ಇಪ್ಪತ್ತು ಮಕ್ಕಳು ಪಕ್ಕದ ಊರಿನ ಪಟ್ಟಿಗೆ ಹೋದರು. ಇದಕ್ಕಾಗಿ ಎರಡಿಂಚಮ್ಮ ಟೈಲರಕ್ಕನ ಜೊತೆ ಮೂರು ವಾರ ಮಾತು ಬಿಟ್ಟಿದ್ದಳು. ಅದು ನ್ಯಾಯವೇ.

ಒಂಬತ್ತು ಮತ್ತು ಹತ್ತು ಅಲ್ಲಿ ಇನ್ನೂ ನಡೆಯುತ್ತಿವೆ. ವಾರದಲ್ಲಿ ಎರಡು ದಿನ ಅಂಗಡಿ ತೆರೆಯುವ ಮುಂಚೆ ಟೈಲರಕ್ಕ ಟೇಪು, ಕತ್ತರಿ, ದಾರದ ಡಬ್ಬಿ ಹಿಡಿದು ಟ್ಯಾಂಕಿನ ರಸ್ತೆಯಲ್ಲಿ ಹೋಗುತ್ತಾಳೆ. ಬಿಚ್ಚಿ ಹೊಲಿಸಬಾರದು ಎಂಬ ನಿಯಮ ಯಾವ ಕಾಗದದಲ್ಲೂ ಇಲ್ಲ ಎಂದು ದೊಡ್ಡ ಮೇಡಂ ಹುಡುಕಿ ನೋಡಿ ಹೇಳಿದ್ದಾರೆ. ಒಂಬತ್ತರ ಕೊಠಡಿಯ ಹೊರಗೆ ಜಗಲಿಯ ಮೇಲೆ ಕೂತು, ಒಬ್ಬೊಬ್ಬರನ್ನೇ ಕರೆದು ಶರ್ಟಿನ ಭುಜವನ್ನು ಅಳತೆಗೆ ಹಿಡಿಸಿ ಹೊಲಿಯುತ್ತಾಳೆ. ಒಳಗಿನ ಪಾಠ ಹೊರಗೆ ಸ್ಪಷ್ಟವಾಗಿ ಕೇಳುತ್ತದೆ. ಒಳಗೆ ಬಂದು ಕೂರಿ ಎಂದು ಮೇಡಂ ಎರಡು ಸಲ ಕರೆದರು. ಬೆಳಕು ಇಲ್ಲೇ ಚೆನ್ನಾಗಿದೆ ಎಂದಳು.

ಮೊನ್ನೆ ಅಳತೆಗೆ ನಿಂತಿದ್ದವಳು ಆ ವಾದ ಮಾಡುವ ಹುಡುಗಿ. ಸುಮ್ಮನೆ ನಿಲ್ಲುವ ಜಾತಿಯಲ್ಲ.

"ಆಂಟಿ, ನೀವು ಇಲ್ಲೇ ಓದಿದ್ದಂತೆ?"

"ಒಂಬತ್ತರವರೆಗೆ. ಅದೂ ಅರ್ಧ."

"ಆಮೇಲೆ?"

"ಕೈ ಎತ್ತು," ಎಂದಳು ಟೈಲರಕ್ಕ. "ಅಲ್ಲಾಡಬೇಡ. ಅಲ್ಲಾಡಿದ್ರೆ ಅಳತೆ ತಪ್ಪುತ್ತೆ."