ಭಾವ ನೋಡಬೇಕಿದ್ದ ಗೋಡೆ

ನನ್ನ ಭಾವ ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುತ್ತಿದ್ದದ್ದು ಗೋಡೆಯನ್ನು. ಮನೆಯವರು "ಬನ್ನಿ, ಕೂತ್ಕೊಳ್ಳಿ" ಎನ್ನುವಷ್ಟರಲ್ಲಿ ಇವರು ಗೋಡೆಗೆ ಕೆನ್ನೆ ತಾಗಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, "ಯಾರು ಮಾಡಿದ್ದು ಇದು? ಪುಟ್ಟಿ ಉಜ್ಜೇ ಇಲ್ಲ" ಎಂದುಬಿಡುತ್ತಿದ್ದರು. ಅಕ್ಕ ಹಿಂದಿನಿಂದ ಅಂಗಿ ಜಗ್ಗುತ್ತಿದ್ದಳು. ಬಣ್ಣ ಬಳಿಯುವವರಲ್ಲಿ ಅವರ ಕೈಗೂ ಹೆಸರಿತ್ತು, ಬಾಯಿಗೂ ಹೆಸರಿತ್ತು. ಸ್ವಂತ ಮನೆಯ ಅಡುಗೆಕೋಣೆ ಮಾತ್ರ ಮದುವೆಯ ಕಾಲದ ಹಸಿರಿನಲ್ಲೇ ಮಸಿ ಹಿಡಿದು ಕೂತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಅಕ್ಕ ಆಡಿಕೊಂಡರೆ, "ಮುಂದಿನ ಬೇಸಿಗೆಗೆ ಮಾಡೋಣ ಕಣೇ" ಎನ್ನುತ್ತಿದ್ದರು.

ಆ ಬೇಸಿಗೆಗೆ ಮೊದಲೇ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಒಟ್ಟಿಗೇ ಹೋದವು. ಆಸ್ಪತ್ರೆಯಿಂದ ತಂದು ಹಾಲ್‌ನಲ್ಲಿ ಮಂಚ ಹಾಕಿ ಮಲಗಿಸಿದೆವು. ಎಡಕ್ಕೆ ಬೀದಿಯ ಕಿಟಕಿ, ಬಲಕ್ಕೆ ಗೋಡೆ, ಗೋಡೆಯ ಆಚೆ ಅಡುಗೆಕೋಣೆ. ಒಂದು ದಿನ ಅಕ್ಕ ಮಿಕ್ಸಿ ಹಾಕಿಕೊಂಡಿದ್ದಾಗ ಅವರಿಗೆ ಗಂಟಲಲ್ಲಿ ಎಂಜಲು ಸಿಕ್ಕಿಕೊಂಡು ಮುಖ ನೀಲಿಯಾಗಿತ್ತು. ಅವಳು ಏನೋ ತೆಗೆದುಕೊಳ್ಳಲು ಈಚೆ ಬಂದದ್ದರಿಂದ ಜೀವ ಉಳಿಯಿತು.

ಅವತ್ತೇ ನನಗೆ ಫೋನ್ ಮಾಡಿದಳು. "ಗೋಡೆ ಒಡಿಬೇಕು ಕಣೋ. ಬಾ."

ನಾನು ಟೈಲ್ಸ್ ಹಾಕುವವನು; ಒಡೆಯುವ, ಕಟ್ಟುವ ಜನ ಗೊತ್ತು. ಆದರೂ ಸಿಡುಕಿದೆ. "ಇಂಥ ಹೊತ್ತಲ್ಲಿ ಯಾರಾದ್ರೂ ಮನೆ ಕೆಡವ್ತಾರಾ ಅಕ್ಕ?"

"ಅಡುಗೆ ಮಾಡ್ತಾ ನಾನು ಅವರನ್ನ ನೋಡ್ತಿರಬೇಕು. ಅವರೂ ನನ್ನ ನೋಡ್ತಿರಬೇಕು. ಒಂದೇ ಮನೇಲಿದ್ದು ಆ ಮನುಷ್ಯ ಬರೀ ಸೂರು ನೋಡ್ಕೊಂಡು ಸಾಯಬೇಕಾ?"

ಸುತ್ತಿಗೆ ತೆಗೆದುಕೊಂಡು ಹೋದೆ. ಭಾವನನ್ನು ಒಳಕೋಣೆಗೆ ಸಾಗಿಸಿ, ಧೂಳು ನುಗ್ಗದಂತೆ ಬಾಗಿಲ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದೆವು. ಮೇಲಿನ ಭಾರ ಹೊರದ ಗೋಡೆ ಅದು. ಸುತ್ತಿಗೆಗೆ ಸುಲಭವಾಗಿಯೇ ಬಿತ್ತು.

ಕಷ್ಟ ಶುರುವಾದದ್ದು ಆಮೇಲೆ. ಎರಡು ಕೋಣೆ ಒಂದಾದಾಗ ಒಂದೇ ಉದ್ದ ಗೋಡೆಗೆ ಮೂರು ಬಗೆಯ ಕೆಲಸ ಬೀಳುತ್ತದೆ. ಒಲೆಯ ಹಿಂದೆ ಟೈಲ್ಸ್, ಅದರ ಪಕ್ಕ ಜಿಡ್ಡು ಒರೆಸಲು ಬರುವ ಹೊಳಪಿನ ಬಣ್ಣ, ಹಾಲ್‌ಗೆ ಹೊಳಪಿಲ್ಲದ ಬಣ್ಣ. ಒಂದೇ ಬಣ್ಣವನ್ನೇ ತಂದರೂ ಹೊಳಪಿನದ್ದು ಗಾಢವಾಗಿ ಕಾಣುತ್ತದೆ, ಇನ್ನೊಂದು ತೆಳುವಾಗಿ. ಎರಡೂ ಕೂಡುವ ಕಡೆ ಗೆರೆ ಬಿದ್ದು, ಕೆಡವಿದ ಗೋಡೆ ಮತ್ತೆ ಎದ್ದು ನಿಂತಂತೆ ಕಾಣುತ್ತದೆ. ಹೊಳಪಿನದ್ದಕ್ಕೆ ಬಿಳಿ ಬೆರೆಸಿ ಬೆರೆಸಿ ಹೊಂದಿಸಬೇಕು. ಭಾವ ಅದರಲ್ಲಿ ಪಳಗಿದವರು. ಈಗ ಆ ಕೆಲಸ ಅವರ ಜೊತೆಗಾರ ಉದ್ದಣ್ಣನ ಪಾಲಿಗೆ ಬಂತು. ಏಣಿಯಿಲ್ಲದೆ ಸೂರು ಮುಟ್ಟುವವನಾದ್ದರಿಂದ ಆ ಹೆಸರು.

ಅಕ್ಕ ನಮ್ಮಿಬ್ಬರನ್ನೂ ಅರೆದುಬಿಟ್ಟಳು. ಹಲಗೆ ತುಂಡುಗಳಿಗೆ ಕೆನೆಬಣ್ಣದ ಮಾದರಿ ಬಳಿಸಿ ಒಲೆಯ ಪಕ್ಕ ನಿಲ್ಲಿಸಿದಳು. ಬೆಳಗಿನ ಬಿಸಿಲಲ್ಲಿ ನೋಡಿದಳು, ದೀಪ ಹಾಕಿ ನೋಡಿದಳು. ಹಾಲ್‌ಗೆ ಬಂದು ಭಾವನ ಖಾಲಿ ಮಂಚದಲ್ಲಿ ಮಲಗಿ, ಅವರ ದಿಂಬಿಗೇ ತಲೆಯಿಟ್ಟು ಅಲ್ಲಿಂದಲೇ ತೀರ್ಪು ಕೊಟ್ಟಳು. "ನಿಂತ್ಕೊಂಡು ನೋಡಿದ್ರೆ ಏನು ಬಂತು? ನೋಡೋರು ಮಲಗಿರ್ತಾರೆ. ಇದು ಕಣ್ಣಿಗೆ ಹೊಡೆಯುತ್ತೆ, ತೆಗೀರಿ."

"ಅಣ್ಣನೇ ವಾಸಿ ಅನ್ನಿಸ್ಬಿಟ್ರಿ ಅತ್ತಿಗೆ" ಎಂದ ಉದ್ದಣ್ಣ. ಅವಳು ನಕ್ಕಳು. ಲಕ್ವ ಹೊಡೆದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಕೆಲಸ ಮುಗಿಸಿ ಭಾವನನ್ನು ಮತ್ತೆ ಹಾಲ್‌ಗೆ ತಂದೆವು. ಅಕ್ಕ ಒಲೆ ಹೊತ್ತಿಸಿ, ಸೆರಗು ಸರಿಮಾಡಿಕೊಂಡು ಕರೆದಳು. "ರೀ, ಇಲ್ಲಿ ನೋಡ್ರೀ. ಹೇಗಿದೆ?"

ಭಾವ ಕಿಟಕಿಯ ಕಡೆ ನೋಡುತ್ತಿದ್ದರು. ಕತ್ತು ತಿರುಗಲಿಲ್ಲ. ಮರುದಿನವೂ ಕಿಟಕಿ, ಅದರ ಮರುದಿನವೂ ಕಿಟಕಿ.

ಟೈಲ್ಸ್ ಬೆಳಕಿಗೆ ಮಿಂಚುತ್ತೆ, ಅದಕ್ಕೇ ನೋಡುತ್ತಿಲ್ಲ ಎಂದಳು ಅಕ್ಕ. ನನ್ನ ಕೈಯಿಂದಲೇ ಹಾಕಿದ್ದನ್ನು ನನ್ನ ಕೈಯಿಂದಲೇ ಕೀಳಿಸಿ, ಹೊಳಪಿಲ್ಲದ ಟೈಲ್ಸ್ ಹಾಕಿಸಿದಳು. ಹಲ್ಲು ಕಚ್ಚಿಕೊಂಡು ಹಾಕಿದೆ. ಭಾವ ತಿರುಗಲಿಲ್ಲ. ಟೈಲ್ಸ್ ಸಂದಿಯ ಸಿಮೆಂಟು ಕಪ್ಪಾಯಿತು ಎಂದು ಕೆರೆಸಿದಳು. ಬಣ್ಣ ಕೂಡುವ ಕಡೆ ಇನ್ನೂ ಗೆರೆ ಇದೆ ಎಂದು ಉದ್ದಣ್ಣನಿಂದ ಇಡೀ ಗೋಡೆ ಉಜ್ಜಿಸಿ ಮತ್ತೆ ಬಳಿಸಿದಳು. ನನಗೆ ತಡೆಯಲಾಗಲಿಲ್ಲ.

"ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಅಕ್ಕ. ಗೆರೆ ಎಲ್ಲಿದೆ? ನನಗಂತೂ ಕಾಣ್ತಿಲ್ಲ."

"ನಿನಗೆ ಕಾಣಲ್ಲ. ಅವರಿಗೆ ಕಾಣುತ್ತೆ. ಕೆಟ್ಟ ಕೆಲಸ ಕಂಡ್ರೆ ಮುಖ ತಿರುಗಿಸೋ ಮನುಷ್ಯ ಅವರು."

ಅವಳ ಕಣ್ಣ ಸುತ್ತ ಕಪ್ಪುಗಟ್ಟಿತ್ತು. ಬೈಯಬೇಕೆಂದು ಬಾಯಿ ತೆರೆದವನಿಗೆ ಅಳು ಬಂತು. ಕರಣೆ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋದೆ.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ರಜೆ ಹಾಕಿದ್ದರಿಂದ ಆ ವಾರ ಬೇರೊಬ್ಬಳು ಬಂದಳು. ಭಾವನ ಮುಖದ ಮುಂದೆ ಚಮಚ ಹಿಡಿದು ಎಡಕ್ಕೆ ಒಯ್ದಳು. ಅವರ ಕಣ್ಣೂ ಹೋಯಿತು. ಬಲಕ್ಕೆ ತಂದಳು, ಮೂಗು ದಾಟಿದ್ದೇ ತಡ, ಚಮಚ ಮಾಯವಾದಂತೆ ಅವರ ಕಣ್ಣು ಅಲ್ಲೇ ನಿಂತಿತು. ಮತ್ತೆ ಮತ್ತೆ ಮಾಡಿ ನೋಡಿದಳು.

"ಅಮ್ಮ, ಇವರಿಗೆ ಎರಡು ಕಣ್ಣಲ್ಲೂ ಬಲಗಡೆ ಅರ್ಧ ಕಾಣಿಸ್ತಿಲ್ಲ. ಮೆದುಳಿಗೆ ಹೊಡೆತ ಬಿದ್ರೆ ಕೆಲವರಿಗೆ ಹೀಗಾಗುತ್ತೆ. ಆ ಕಡೆ ಒಂದು ಕೋಣೆ ಇದೆ ಅನ್ನೋದೇ ಇವರಿಗೆ ತಿಳೀತಿಲ್ಲ."

ಉದ್ದಣ್ಣ ಕುಂಚ ಹಿಡಿದುಕೊಂಡೇ ನೆಲದಲ್ಲಿ ಕೂತ. ಅಷ್ಟು ದಿನ ಎಲ್ಲರೂ ಗೋಡೆ ನೋಡಿದ್ದೆವು. ಆ ಮನುಷ್ಯನ ಕಣ್ಣು ನೋಡಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮ ಕಸುಬಿಗೆ ಬೆಂಕಿ ಬೀಳಲಿ ಅನ್ನಿಸಿತು.

ಅಕ್ಕನ ಮುಖ ಮಾತ್ರ ಅರಳಿತು. "ಹಾಗಾದ್ರೆ ನನ್ನ ಮೇಲೆ ಕೋಪ ಅಲ್ಲ! ಮಂಚ ತಿರುಗಿಸಿದ್ರೆ ಆಯ್ತಲ್ಲೋ, ಏಳ್ರೋ!"

ತಲೆಯಿದ್ದ ಕಡೆ ಕಾಲು ಬರುವಂತೆ ಮಂಚ ತಿರುಗಿಸಿದೆವು. ಅಡುಗೆಮನೆ ಈಗ ಭಾವನ ಎಡಕ್ಕೆ ಬಂತು. ಅಕ್ಕ ಓಡಿಹೋಗಿ ಒಲೆಯ ಮುಂದೆ ನಿಂತಳು.

ಭಾವ ನೋಡಿದರು. ಅವರ ಕಣ್ಣು ಟೈಲ್ಸ್ ಮೇಲೆ ಹೋಯಿತು, ಬಣ್ಣ ಕೂಡುವ ಕಡೆ ಹೋಯಿತು, ಗೋಡೆ ಇದ್ದ ಜಾಗವನ್ನು ಸೂರಿನವರೆಗೆ ಹುಡುಕಿತು. ಆಮೇಲೆ ಅಕ್ಕನ ಮೇಲೆ ಬಂದು ನಿಂತಿತು. ಬಳೆ ಸಡಿಲವಾದ ಕೈ, ಬಾಚದ ಕೂದಲು, ಸಿಮೆಂಟು ತಾಗಿ ಬಿರಿದ ಬೆರಳು. ಬಹಳ ಹೊತ್ತು ನೋಡಿದರು. ತುಟಿಯ ಒಂದು ಮಗ್ಗುಲು ನಡುಗಿತು. ಆಮೇಲೆ ಕಷ್ಟಪಟ್ಟು, ಇಷ್ಟಿಷ್ಟೇ ಕತ್ತು ಹೊರಳಿಸಿ, ಮುಖವನ್ನು ಪೂರ್ತಿ ಬಲಕ್ಕೆ ತಿರುಗಿಸಿಬಿಟ್ಟರು.

ಅಕ್ಕ ಕಾದಳು. ಅವರು ಮತ್ತೆ ಈಚೆ ತಿರುಗಲಿಲ್ಲ.

"ಗೋಡೆ ಚೆನ್ನಾಗೇ ಇದೆ ಅಲ್ವೇನೋ?" ಎಂದು ನನ್ನನ್ನು ಕೇಳಿದಳು.

"ಚೆನ್ನಾಗಿದೆ ಅಕ್ಕ."

ಅವಳು ಒಲೆ ಆರಿಸಿದಳು. "ನನ್ನ ಈ ಪಾಡು ನೋಡೋಕಾಗ್ತಿಲ್ಲ ಅವರಿಗೆ. ಮಂಚ ಮೊದಲಿನ ಹಾಗೇ ಹಾಕ್ಬಿಡಿ. ಅವರಿಗೆ ಕಾಣದ ಕಡೇಲೇ ನಾನಿರ್ತೀನಿ."

ನಾನೂ ಉದ್ದಣ್ಣನೂ ಮಂಚದ ಎರಡು ತುದಿ ಹಿಡಿದೆವು.