ಕಡಲ ಮರಳಿನ ಗಂಡುಹುಳು

ನಮ್ಮ ಕಡೆ ಜಂತುಹುಳು ಎಂದರೆ ಮಕ್ಕಳ ಹೊಟ್ಟೆಯಲ್ಲಿರುವುದು. ಹಾಗಾಗಿ ನಾನು ಜಂತುಹುಳುಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ಗೊತ್ತಾದಾಗಿನಿಂದ ಯಲ್ದೂರಿನ ಸುತ್ತಮುತ್ತ ಇರುವ ನಮ್ಮ ನೆಂಟರೆಲ್ಲ ಮೊಮ್ಮಕ್ಕಳನ್ನು ತಂದು ನನ್ನ ಮುಂದೆ ನಿಲ್ಲಿಸಿ, "ಯಾವ ಮಾತ್ರೆ ಕೊಡ್ಲಿ ಹೇಳು" ಎನ್ನತೊಡಗಿದರು. ನನ್ನದು ಗಿಡದ ಬೇರು ತಿನ್ನುವ ಹುಳು, ಮಣ್ಣಿನಲ್ಲಿರುವುದು, ಬರಿಗಣ್ಣಿಗೆ ಕಾಣದ್ದು ಎಂದು ವಿವರಿಸಿ ವಿವರಿಸಿ ಸಾಕಾಯಿತು. ಕೊನೆಗೆ ಮಾತ್ರೆಯ ಹೆಸರನ್ನೇ ಹೇಳಿ ಕಳಿಸುವುದು ರೂಢಿಯಾಯಿತು. ಟೊಮೇಟೊ ಬೆಳೆಯುವವರಿಗೆ ಮಾತ್ರ ಬೇಗ ಅರ್ಥವಾಗುತ್ತಿತ್ತು. ಗಂಟುಗಂಟಾದ ಬೇರನ್ನು ಕಿತ್ತು ನೋಡಿದವರು ಅವರು.

ನಾನು ಕೆಲಸ ಮಾಡುವುದು ಕೋಲಾರದ ಒಂದು ಪ್ರಯೋಗಾಲಯದಲ್ಲಿ. ದಿನವೂ ಬೆಳಗ್ಗೆ ಊರಿನಿಂದ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತೇನೆ. ಕಡಲಿಗೂ ಈ ಬಯಲುಸೀಮೆಗೂ ಎತ್ತಣಿಂದೆತ್ತ ಸಂಬಂಧ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಕರಾವಳಿಯ ಮರಳು ನನ್ನ ಕೈಗೆ ಬಂದದ್ದು ನಮ್ಮ ಮೇಡಂ ದೆಸೆಯಿಂದ. ಅವರು ನನಗೆ ಈ ವಿದ್ಯೆ ಕಲಿಸಿದವರು. ಬೇಸಿಗೆಯಲ್ಲೊಮ್ಮೆ ನಾವಿಬ್ಬರೂ ಕಡಲ ದಂಡೆಗೆ ಹೋಗಿ, ರಾವಣನ ಮೀಸೆ ಎಂದು ಅಲ್ಲಿಯವರು ಕರೆಯುವ ಚೂಪು ಹುಲ್ಲಿನ ಬುಡ ಅಗೆದು, ಬೇರಿನ ಸಮೇತ ಮರಳನ್ನು ಚೀಲಗಳಿಗೆ ತುಂಬಿಸಿಕೊಂಡು ಬಂದೆವು. ಆ ಹುಲ್ಲು ಚುಚ್ಚಿ ಚುಚ್ಚಿ ನನ್ನ ಕೈಯೆಲ್ಲ ತರಚಿತ್ತು. ನಾನು ಬೈದುಕೊಳ್ಳುತ್ತಲೇ ಅಗೆದೆ.

ಮರಳನ್ನು ನೀರಲ್ಲಿ ಕದಡಿ, ಸಣ್ಣ ಕಣ್ಣಿನ ಜರಡಿಗಳಲ್ಲಿ ಸೋಸಿ, ಉಳಿದದ್ದನ್ನು ಸಕ್ಕರೆ ನೀರಿನಲ್ಲಿ ಹಾಕಿ ಯಂತ್ರದಲ್ಲಿ ತಿರುಗಿಸಿದರೆ ಮರಳು ತಳಕ್ಕೆ ಕೂರುತ್ತದೆ, ಹುಳು ತೇಲುತ್ತದೆ. ತೇಲಿದ್ದನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟೆ. ಮೈತುಂಬ ಬಳೆ ತೊಟ್ಟಂತೆ ಉಂಗುರ ಉಂಗುರವಾಗಿದ್ದ ಒಂದು ಹೆಣ್ಣುಹುಳು. ಬಾಯೊಳಗೆ ಉದ್ದನೆಯ ಸೂಜಿ. ಬೇರಿಗೆ ಆ ಸೂಜಿ ಚುಚ್ಚಿ ರಸ ಹೀರಿಯೇ ಅದು ಬದುಕಬೇಕು. ಉಪ್ಪುಗಾಳಿ, ಸುಡುವ ಮರಳು, ಚುಚ್ಚುವ ಹುಲ್ಲು, ಅದರ ಬುಡದಲ್ಲಿ ಈ ಬಳೆಗಾತಿ. ಮೈಯ ಉಂಗುರಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುತ್ತ, ಯಾವ ಅವಸರವೂ ಇಲ್ಲದೆ ತೆವಳುತ್ತಿತ್ತು. ಇದನ್ನು ನನಗಿಂತ ಮುಂಚೆ ಯಾರೂ ನೋಡಿಲ್ಲವೇನೋ ಎಂಬ ಯೋಚನೆ ಬಂದು, ಆ ಮಧ್ಯಾಹ್ನ ಊಟವೇ ಸೇರಲಿಲ್ಲ.

ಮೇಡಂ ನೋಡಿದರು. ಬಹಳ ಹೊತ್ತು ನೋಡಿದರು. ಅವರದು ಬೇಗ ಹಿಗ್ಗುವ ಜಾತಿಯಲ್ಲ.

"ಚೆನ್ನಾಗಿದೆಯಮ್ಮಾ. ಆದ್ರೆ ಇದ್ರ ಥರದ್ದೇ ಇನ್ನೊಂದು ಆಗ್ಲೇ ಇದೆ. ಹೆಣ್ಣುಗಳನ್ನ ಪಕ್ಕಪಕ್ಕ ಇಟ್ರೆ ಅಕ್ಕತಂಗೀರ ಥರ ಕಾಣ್ತವೆ. ವ್ಯತ್ಯಾಸ ಗೊತ್ತಾಗೋದು ಗಂಡಿನಲ್ಲೇ, ಗಂಡು ಬೇಕು. ಗಂಡು ಸಿಗದೆ ಹೊಸದು ಅಂತ ಬರೆದ್ರೆ ನಾನೇ ಒಪ್ಪಲ್ಲ" ಎಂದರು.

ಈ ಉಂಗುರದ ಹುಳುಗಳಲ್ಲಿ ಗಂಡು ಸಿಗುವುದೇ ಅಪರೂಪ. ಸಿಕ್ಕರೂ ಅದು ಹೆಣ್ಣಿನ ಹಾಗಿರುವುದಿಲ್ಲ; ಎಳೆಯಂತೆ ತೆಳ್ಳಗೆ. ಅದಕ್ಕಿಂತ ದೊಡ್ಡ ಸೋಜಿಗವೊಂದಿದೆ. ಬೆಳೆದ ಗಂಡಿಗೆ ಬಾಯಲ್ಲಿ ಸೂಜಿಯೇ ಇರುವುದಿಲ್ಲ. ಅಂದರೆ ಅದು ಉಣ್ಣುವುದೇ ಇಲ್ಲ. ಕತ್ತಲ ಮರಳಿನಲ್ಲಿ, ಹಸಿದುಕೊಂಡು, ಹೆಣ್ಣನ್ನು ಹುಡುಕುವುದೊಂದೇ ಅದಕ್ಕಿರುವ ಕೆಲಸ. ಇದನ್ನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಈಗ ಅಂಥದ್ದೊಂದನ್ನು ನಾನೇ ಹುಡುಕಬೇಕಾಗಿ ಬಂದಾಗಲೇ ಅದು ಎಂಥ ಬದುಕು ಎಂದು ಹೊಳೆದದ್ದು.

ಒಂದು ಚೀಲ ಉಳಿಸಿಕೊಂಡು ಮಿಕ್ಕವನ್ನೆಲ್ಲ ಒಂದೊಂದಾಗಿ ಸೋಸಿದೆ. ಹೆಣ್ಣುಗಳು ಬಂದವು, ಮರಿಗಳು ಬಂದವು, ಗಂಡು ಬರಲಿಲ್ಲ. ಮಳೆಗಾಲ ಕಳೆದ ಮೇಲೆ ಇನ್ನಷ್ಟು ಮರಳು ತರೋಣವೆಂದು ಮತ್ತೆ ಹೋದರೆ, ನಾವು ಅಗೆದಿದ್ದ ದಿಬ್ಬವನ್ನು ಕಡಲು ಕೊರೆದು ನುಂಗಿತ್ತು. ಉಳಿದಿದ್ದ ಕಡೆ ಲಾರಿಗಟ್ಟಲೆ ಬಂಡೆ ಸುರಿದು ತಡೆಗೋಡೆ ಕಟ್ಟುತ್ತಿದ್ದರು. ಆ ಹುಲ್ಲಿನ ಒಂದು ಗರಿಯೂ ಇರಲಿಲ್ಲ. ಅಕ್ಕಪಕ್ಕದ ದಂಡೆಗಳಲ್ಲಿ ಅಗೆದರೆ ಬೇರೆ ಹುಳುಗಳು ಸಿಕ್ಕವು, ನನ್ನ ಬಳೆಗಾತಿ ಸಿಗಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅತ್ತೆ. ಉಳಿದದ್ದು ಪ್ರಯೋಗಾಲಯದ ಫ್ರಿಜ್ಜಿನಲ್ಲಿದ್ದ ಕೊನೆಯ ಒಂದು ಚೀಲ. ಅದರಲ್ಲಿ ಗಂಡು ಸಿಗದಿದ್ದರೆ ಈ ಹುಳು ಇತ್ತು ಎಂಬುದೇ ಜಗತ್ತಿಗೆ ತಿಳಿಯುವುದಿಲ್ಲ.

ಅಷ್ಟರಲ್ಲಿ ಆ ಫ್ರಿಜ್ಜು ಕೈಕೊಟ್ಟಿತು. ರಿಪೇರಿಯವನು ಇವತ್ತು ನಾಳೆ ಎಂದು ಆಟ ಆಡಿಸುತ್ತಿದ್ದ. ಕೂಡಲೇ ಸೋಸೋಣವೆಂದರೆ ಯಂತ್ರ ಭಾನುವಾರದವರೆಗೆ ಬೇರೆಯವರ ಕೆಲಸಕ್ಕೆ ಬೇಕಿತ್ತು. ಕಾರ್ತಿಕದ ಚಳಿ ಶುರುವಾಗಿತ್ತು. ನಮ್ಮ ಮನೆಯ ಹಿಂದಿನ ಕೋಣೆ, ನೀರಿನ ಹಂಡೆಗಳಿರುವ ಜಾಗ, ಸದಾ ತಂಪು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದು ಅಮ್ಮನ ಕೈಗೆ ಕೊಟ್ಟು, "ಸಮುದ್ರದ ಮರಳಮ್ಮಾ, ತಂಪಾಗಿರೋ ಕಡೆ ಜೋಪಾನವಾಗಿಡು" ಎಂದೆ. ಅಮ್ಮ ಚೀಲದ ಬಾಯಿ ಬಿಚ್ಚಿ ನೋಡಿ, ಬೆರಳಲ್ಲಿ ಉಜ್ಜಿ, ಮುಖ ಅರಳಿಸಿಕೊಂಡು ಒಳಗೆ ಹೋದಳು. ಹುಳುವಿನ ಬಗ್ಗೆ ಅವಳಿಗೂ ಇಷ್ಟು ಆಸಕ್ತಿ ಇದೆಯಲ್ಲಾ ಎಂದು ನಾನು ಸಂತೋಷಪಟ್ಟೆ.

ಎರಡು ದಿನ ಬಿಟ್ಟು ಸಂಜೆ ಮನೆಗೆ ಬಂದಾಗ ಹುರಿದ ಕಡಲೆಕಾಯಿಯ ಘಮ ಬೀದಿಯವರೆಗೂ ಬಂದಿತ್ತು. ಅಮ್ಮ ತಟ್ಟೆ ತುಂಬ ತಂದಿಟ್ಟಳು. ಹಸಿದಿದ್ದೆ, ಸುಲಿದು ಸುಲಿದು ಬಾಯಿಗೆ ಹಾಕಿಕೊಂಡೆ.

"ಎಷ್ಟ್ ಚೆನ್ನಾಗಿದೆಯಮ್ಮಾ! ಉಪ್ಪು ನೀರಲ್ಲಿ ನೆನೆಸಿದ್ಯಾ?"

"ಉಪ್ಪೂ ಇಲ್ಲ, ಏನೂ ಇಲ್ಲ ಕಣೇ. ಎಲ್ಲಾ ನೀನ್ ತಂದ ಮರಳಿನ ಗುಣ. ಒಂದ್ ಕಾಯೂ ಸೀದಿಲ್ಲ ನೋಡು."

ಬಾಯಲ್ಲಿದ್ದದ್ದು ಬಾಯಲ್ಲೇ ಉಳಿಯಿತು.

ನಮ್ಮ ಕಡೆ ಕಡಲೆಕಾಯಿ ಹುರಿಯುವುದು ಬಿಸಿ ಮರಳಿನಲ್ಲಿ. ಒಳ್ಳೆಯ ಮರಳು ಈಗ ಸಿಗುವುದಿಲ್ಲ. ಕೆರೆಯ ಮಣ್ಣು ತೊಳೆದು ತೆಗೆದ ಫಿಲ್ಟರ್ ಮರಳೇ ಎಲ್ಲ ಕಡೆ. ಅದರಲ್ಲಿ ಹುರಿದರೆ ಸಿಪ್ಪೆಗೆಲ್ಲ ಕೆಂಪು ಧೂಳು ಮೆತ್ತುತ್ತದೆ. ಅಮ್ಮ ವರ್ಷಗಳಿಂದ ಅದನ್ನೇ ಹೇಳಿ ಗೊಣಗುತ್ತಿದ್ದಳು. ಮಗಳು ಸಮುದ್ರದವರೆಗೂ ಹೋಗಿ ತನಗೋಸ್ಕರ ಬಿಳಿ ಮರಳು ತಂದಿದ್ದಾಳೆ ಎಂದು ಅವಳು ನಂಬಿದ್ದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. ತಟ್ಟೆ ತಳ್ಳಿ, ಮನೆ ಹಾರಿಹೋಗುವಂತೆ ಕೂಗಾಡಿದೆ. ಅದರಲ್ಲಿ ಏನಿತ್ತು ಗೊತ್ತಾ, ಭೂಮಿ ಮೇಲೆ ಇನ್ನೆಲ್ಲೂ ಇಲ್ಲ ಗೊತ್ತಾ, ಎಲ್ಲಾನೂ ಹುರಿದು ಹಾಕಿದ್ಯಲ್ಲಾ ಎಂದೆಲ್ಲ. "ನಂಗೋಸ್ಕರ ತಂದಿದ್ದೀಯ ಅಂದ್ಕೊಂಡೆ" ಎಂದಳು ಅಮ್ಮ. ನಾನು ತಳ್ಳಿದ ತಟ್ಟೆ ಎತ್ತಿಡುತ್ತ, ತಾನಾಗಿಯೇ ಮೆಲ್ಲಗೆ, "ಬೇರಿನ ಉಂಡೆಗಳನ್ನ ಹುರೀಲಿಲ್ಲ. ಸುಟ್ಟ ವಾಸ್ನೆ ಬರ್ತದೆ ಅಂತ ಆರಿಸಿ ನಲ್ಲಿ ಹತ್ರ ಕರಿಬೇವಿನ ಬುಡಕ್ಕೆ ಹಾಕ್ದೆ" ಎಂದಳು.

ನಾನು ಹಿತ್ತಲಿಗೆ ಓಡಿದೆ. ನಲ್ಲಿ ಸೋರಿ ಸೋರಿ ಅಲ್ಲಿ ಸದಾ ಒದ್ದೆ. ಉಂಡೆಗಳಲ್ಲಿ ಬಹುಪಾಲು ಒಡೆದು ನಮ್ಮ ಕೆಮ್ಮಣ್ಣಿನೊಂದಿಗೆ ಬೆರೆತುಹೋಗಿದ್ದವು. ಅವು ಕೆಲಸಕ್ಕೆ ಬಾರವು, ನಮ್ಮ ಮಣ್ಣಿನ ಹುಳುಗಳೂ ಅದರಲ್ಲಿ ಸೇರಿರುತ್ತವೆ. ಕರಿಬೇವಿನ ಕವಲಿನಲ್ಲಿ ಮಾತ್ರ ಒಂದು ಉಂಡೆ ನೆಲ ಮುಟ್ಟದೆ ಸಿಕ್ಕಿಕೊಂಡಿತ್ತು. ಬಿಳಿ ಮರಳನ್ನು ಅವುಚಿಕೊಂಡ ಬೇರಿನ ಮುದ್ದೆ. ಮುಟ್ಟಿದರೆ ಇನ್ನೂ ತೇವವಿತ್ತು.

ಮಾರನೆಯ ದಿನ ಭಾನುವಾರ. ಅಮ್ಮ ನನ್ನನ್ನು ಕೇಳದೆಯೇ ಸೀರೆ ಉಟ್ಟು ಸಿದ್ಧಳಾಗಿ, "ನಾನೂ ಬರ್ತೀನಿ" ಎಂದಳು. ಇಬ್ಬರೂ ಬಸ್ಸು ಹತ್ತಿದೆವು. ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಅಮ್ಮ ಸ್ಟೂಲಿನ ಮೇಲೆ ಕೂತು, ನಾನು ಸಕ್ಕರೆ ಅಳೆಯುವುದನ್ನೂ ಜರಡಿ ಹಿಡಿಯುವುದನ್ನೂ ನೋಡಿದಳು. ಗಾಜಿನ ಬಟ್ಟಲಲ್ಲಿ ನೀರು ಹಾಕಿ ಮಸೂರದಡಿ ಇಟ್ಟೆ. ಹೆಣ್ಣು ಕಂಡಿತು. ಇನ್ನೊಂದು ಹೆಣ್ಣು. ಮರಿ. ಬೇರಿನ ಚೂರು. ಬಟ್ಟಲನ್ನು ಅಂಗುಲ ಅಂಗುಲವಾಗಿ ಸರಿಸುತ್ತ ಹೋದೆ. ಕುತ್ತಿಗೆ ಹಿಡಿದುಕೊಂಡಿತು.

ಆಮೇಲೆ ಅಂಚಿನಲ್ಲಿ ಏನೋ ಮಿಸುಕಿತು. ತೆಳ್ಳಗೆ, ಬೆಳ್ಳಗೆ, ಹಾವಿನಂತೆ ಬಳುಕುತ್ತ, ಬಟ್ಟಲಿನ ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು. ಮಸೂರ ಬದಲಿಸಿ ಬಾಯಿಯ ಜಾಗ ನೋಡಿದೆ. ಸೂಜಿಯಿರಲಿಲ್ಲ. ಬಾಲದ ಕಡೆ ನೋಡಿದೆ. ಮೇಡಂ ಹೇಳಿದ ಆ ಇನ್ನೊಂದು ಜಾತಿಯ ಗಂಡುಹುಳುವಿಗೆ ಅಲ್ಲೊಂದು ತೆಳುಪೊರೆ ಇರುತ್ತದೆ, ಇದಕ್ಕೆ ಇರಲಿಲ್ಲ; ಇದು ಹೊಸದೇ. ಇಂಥ ಒಂದು ಜೀವ, ಎಳ್ಳಿನ ಕಾಳಿಗಿಂತ ಚಿಕ್ಕದು, ಕಡಲು ನುಂಗಿದ ದಂಡೆಯನ್ನೂ ನಮ್ಮಮ್ಮನ ಒಲೆಯನ್ನೂ ದಾಟಿ, ಏನೂ ತಿನ್ನದೆ, ಇನ್ನೂ ಹುಡುಕುತ್ತಲೇ ಇತ್ತು. ಕೈ ಮುಗಿಯಬೇಕೆನ್ನಿಸಿತು.

"ಅಮ್ಮಾ, ಬಾ, ನೋಡು."

ಅಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಬೆರಗಾದರೆ ಅವಳ ಬಾಯಲ್ಲಿ ತೆಲುಗೇ ಬರುವುದು. "ಅಬ್ಬಬ್ಬಾ, ಎಂತ ಸನ್ನಗಾ ಉಂದೇ!" ಎಂದಳು, ಎಷ್ಟು ತೆಳ್ಳಗಿದೆ ಎಂದು. ಬಹಳ ಹೊತ್ತು ತಲೆಯೆತ್ತಲಿಲ್ಲ. "ಈಜ್ತಾ ಇದೆ ಕಣೇ. ಜೀವ ಇದೆ. ಇದೇನಾ ನೀನ್ ಹುಡುಕ್ತಾ ಇದ್ದಿದ್ದು?"

"ಇದೇ."

"ಇನ್ನೇನ್ ಮಾಡ್ತೀಯ ಇದನ್ನ?"

ಬಿದಿರುಕಡ್ಡಿಯ ತುದಿಗೆ ನನ್ನದೇ ಕಣ್ಣರೆಪ್ಪೆಯ ಕೂದಲು ಅಂಟಿಸಿ ಮಾಡಿಕೊಂಡ ಎತ್ತುಕೋಲಿನಿಂದ ಅದನ್ನು ಬೇರೆ ಬಟ್ಟಲಿಗೆ ಎತ್ತಿಟ್ಟೆ. ನೀರು ಕಾಯಿಸಲು ಇಟ್ಟಿದ್ದೆ. ಮಿಸುಕುವ ಹುಳುವನ್ನು ಅಳೆಯಲು, ಅದರ ಚಿತ್ರ ಬರೆಯಲು ಆಗುವುದಿಲ್ಲ. ಬಿಸಿನೀರಿನಲ್ಲಿ ಸಾಯಿಸಿ, ಗಾಜಿನ ನಡುವೆ ಇಟ್ಟು, ಮುಂದೆ ಯಾರು ಬೇಕಾದರೂ ನೋಡುವಂತೆ ಕಾಪಾಡಬೇಕು. ಹೊಸದು ಎಂದು ಸಾರುವ ದಾರಿ ಅದೊಂದೇ. ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

ಅಮ್ಮ ಬಿಸಿನೀರಿನ ಕಡೆ ನೋಡಿದಳು. ನಿನ್ನೆಯ ಬೈಗುಳವನ್ನು ಅವಳು ನನಗೆ ತಿರುಗಿಸಿ ಕೊಡಬಹುದಿತ್ತು. ಕೊಡಲಿಲ್ಲ.

"ಹೆಸರು ಇಟ್ಟಿದ್ದೀಯಾ?" ಎಂದಳು.

"ಯೋಚ್ನೆ ಮಾಡಿದ್ದೀನಿ. ಯಾರ್‍ಗೂ ಹೇಳಿಲ್ಲ. ಮೇಡಂಗೂ ಹೇಳಿಲ್ಲ."

"ಮೊದ್ಲು ಆ ಹುಳಕ್ಕೆ ಹೇಳು. ಹೆಸರಿಲ್ದೇ ಕಳಿಸ್ಬೇಡ."

ಮಗುವಿಗೆ ಹೆಸರಿಡುವಾಗ ಕಿವಿಯಲ್ಲಿ ಮೂರು ಸಲ ಹೇಳುತ್ತೇವಲ್ಲ, ಹಾಗೆ. ಹುಳುವಿಗೆ ಕಿವಿಯಿಲ್ಲ ಎಂದು ನನಗೆ ಗೊತ್ತು. ಆದರೂ ಬಟ್ಟಲಿಗೆ ಬಾಯಿ ಹತ್ತಿರ ತಂದು, ದಂಡೆಯವನು ಎಂದು ಅರ್ಥ ಬರುವ ಆ ಲ್ಯಾಟಿನ್ ಹೆಸರನ್ನು ಮೂರು ಸಲ ಹೇಳಿದೆ. ಅಮ್ಮ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ನಾನು ಬಿಸಿನೀರು ಹಾಕಿದೆ.

ಅದು ಒಮ್ಮೆ ಬಳುಕಿ ನೆಟ್ಟಗಾಯಿತು. ಬಾಲದ ತುದಿ ಮಾತ್ರ ಒಂದಿಷ್ಟು ಬಾಗಿ ನಿಂತಿತು. ಪ್ರಬಂಧದಲ್ಲಿ ನಾನು ಬರೆದಿರುವುದೂ, ಇನ್ನು ಮುಂದೆ ಜಗತ್ತು ಓದುವುದೂ ಆ ರೂಪವನ್ನೇ. ಅದು ಈಜುತ್ತಿದ್ದುದನ್ನು ನೋಡಿದವರು ನಾವಿಬ್ಬರೇ.